ಆಕಾಶಕ್ಕೆಂದು ಹುಟ್ಟಿ ನೀರಿಗಿಳಿದ ಎಂಜಿನ್‌ಗಳು: ಡೆಲ್ಟಿಕ್, ಎಂ-503 ಮತ್ತು ಅವುಗಳ ಬಳಗ

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ 2006ರಿಂದ ಪ್ರದರ್ಶನಕ್ಕಿರುವ ಐಎನ್‌ಎಸ್ ಚಪಲ್ ಸೋವಿಯತ್ ಮೂಲದ ಕ್ಷಿಪಣಿ ದೋಣಿ. ನೋಡಲು ಬಂದವರ ಕಣ್ಣು ಸಹಜವಾಗಿಯೇ ಡೆಕ್ಕಿನ ಮೇಲಿನ ಕ್ಷಿಪಣಿ ಕೊಳವೆಗಳತ್ತ ಹೋಗುತ್ತದೆ. ಈ ಟಿಪ್ಪಣಿಗೆ ಬೇಕಾದದ್ದು ಡೆಕ್ಕಿನ ಕೆಳಗಿನ ಸಂಗತಿ. ಒಸಾ-2 ಎಂದು ಕರೆಯಲಾಗುವ ಆ ವರ್ಗದ ದೋಣಿಗೆ ಮೂರು ಎಂ-504 ಡೀಸೆಲ್ ಎಂಜಿನ್‌ಗಳು. ಒಂದೊಂದರಲ್ಲೂ 56 ಸಿಲಿಂಡರ್. ಅದಕ್ಕೂ ಹಿಂದಿನ ಒಸಾ-1 ವರ್ಗದ್ದು 42 ಸಿಲಿಂಡರಿನ ಎಂ-503. ಸುಮಾರು ಅದೇ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ವೇಗದ ದೋಣಿಗಳಲ್ಲಿ ಓಡುತ್ತಿದ್ದ ನೇಪಿಯರ್ ಡೆಲ್ಟಿಕ್‌ನಲ್ಲಿ 18 ಸಿಲಿಂಡರುಗಳಿಗೆ 36 ಪಿಸ್ಟನ್, ಮೂರು ಕ್ರ್ಯಾಂಕ್‌ಶಾಫ್ಟ್. ಹಗುರ, ಚಿಕ್ಕ, ಬೆಂಕಿಯ ಅಪಾಯ ಕಡಿಮೆಯಿರುವ ಒಂದು ಬಲಶಾಲಿ ಡೀಸೆಲ್ ಬೇಕು ಎಂಬ ಒಂದೇ ಬೇಡಿಕೆಗೆ ಹುಟ್ಟಿದ ಎರಡು ಉತ್ತರಗಳಿವು. ಎರಡರ ಬೇರೂ ವಿಮಾನದ ಎಂಜಿನ್ನಿನಲ್ಲಿದೆ ಎಂಬುದು ನನ್ನ ಕುತೂಹಲಕ್ಕೆ ಮೂಲ.

ಯಾವುದನ್ನು ಇಲ್ಲಿ ಅಸಾಂಪ್ರದಾಯಿಕ ಎನ್ನುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಒಂದು ಸಿಲಿಂಡರಿಗೆ ಒಂದು ಪಿಸ್ಟನ್, ಮೇಲೆ ವಾಲ್ವುಗಳಿರುವ ಹೆಡ್, ಕೆಳಗೆ ಒಂದೇ ಕ್ರ್ಯಾಂಕ್‌ಶಾಫ್ಟ್, ಸಿಲಿಂಡರುಗಳು ಸಾಲಾಗಿಯೋ ‘ವಿ’ ಆಕಾರದಲ್ಲೋ ಇರುವುದು ರೂಢಿಯ ಕ್ರಮ. ಈ ಕ್ರಮವನ್ನು ಎಲ್ಲಾದರೂ ಮುರಿದ, ಆದರೆ ಪಿಸ್ಟನ್ ಹಿಂದೆ ಮುಂದೆ ಚಲಿಸುವುದನ್ನು ಬಿಡದ ಎಂಜಿನ್‌ಗಳಷ್ಟೇ ನನ್ನ ವಿಷಯ. ವಾಂಕೆಲ್ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲದ್ದರಿಂದ ಅದನ್ನು ಬಿಟ್ಟಿದ್ದೇನೆ.

ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್‌ಗಳನ್ನು ಎದುರುಬದುರು ಇಟ್ಟು ನಡುವೆ ಇಂಧನ ಉರಿಸುವ ಪ್ರಯತ್ನಗಳು ಹತ್ತೊಂಬತ್ತನೆಯ ಶತಮಾನದಲ್ಲೇ ನಡೆದಿದ್ದವು. ಜರ್ಮನಿಯ ಡೆಸ್ಸಾವ್‌ನಲ್ಲಿ ವಿಲ್ಹೆಲ್ಮ್ ಫಾನ್ ಓಕೆಲ್‌ಹ್ಯೂಸರ್ ಮತ್ತು ಹ್ಯೂಗೊ ಯೂಂಕರ್ಸ್ 1890ರ ದಶಕದ ಆರಂಭದಲ್ಲಿ ಇಂಥ ಗ್ಯಾಸ್ ಎಂಜಿನ್ನನ್ನು ರೂಪಿಸಿದರು. ಫ್ರಾನ್ಸಿನ ಗೊಬ್ರಾಂ-ಬ್ರಿಲ್ಯೆ ಕಾರಿನಲ್ಲೂ ಎದುರು-ಪಿಸ್ಟನ್ ಎಂಜಿನ್ನೇ ಇತ್ತು. 1904ರ ಜುಲೈಯಲ್ಲಿ ಬೆಲ್ಜಿಯಂನ ಆಸ್ಟೆಂಡ್‌ನಲ್ಲಿ ಲೂಯಿ ರಿಗೊಲಿ ಗಂಟೆಗೆ ನೂರು ಮೈಲಿಯ ಗಡಿಯನ್ನು ಮೊತ್ತಮೊದಲು ದಾಟಿದ್ದು ಆ ಕಂಪನಿಯ ಕಾರಿನಲ್ಲಿ. ಇಂಥ ಎಂಜಿನ್‌ಗಳು ಪ್ರಯೋಗಾಲಯದ ಆಟಿಕೆಗಳಾಗಿದ್ದವು ಎಂಬ ಮಾತು ಆಗಾಗ ಕಿವಿಗೆ ಬೀಳುವುದರಿಂದ ಇಷ್ಟನ್ನು ನೆನಪಿಸಿದೆ.

ಯೂಂಕರ್ಸ್ ಅದೇ ಕಲ್ಪನೆಯನ್ನು ವಿಮಾನದ ಡೀಸೆಲ್‌ಗೆ ತಂದರು. 1930ರ ದಶಕದ ಯೂಮೊ 205ರಲ್ಲಿ ಆರು ಲಂಬ ಸಿಲಿಂಡರ್, ಹನ್ನೆರಡು ಪಿಸ್ಟನ್. ಮೇಲೊಂದು ಕೆಳಗೊಂದು ಕ್ರ್ಯಾಂಕ್‌ಶಾಫ್ಟ್, ಎರಡನ್ನೂ ಜೋಡಿಸುವ ಗೇರ್ ಸರಣಿ. ಸಿಲಿಂಡರಿನ ಒಳವ್ಯಾಸ 105 ಮಿಲಿಮೀಟರ್, ಪ್ರತಿ ಪಿಸ್ಟನ್ನಿನ ಓಟ 160 ಮಿಲಿಮೀಟರ್, ಒಟ್ಟು ಗಾತ್ರ 16.6 ಲೀಟರ್. ವಾಲ್ವು ಒಂದೂ ಇಲ್ಲ. ಸಿಲಿಂಡರಿನ ಒಂದು ತುದಿಯ ಗೋಡೆಯಲ್ಲಿ ಗಾಳಿ ಬರುವ ಕಿಂಡಿಗಳು, ಇನ್ನೊಂದು ತುದಿಯಲ್ಲಿ ಹೊಗೆ ಹೋಗುವ ಕಿಂಡಿಗಳು; ಪಿಸ್ಟನ್‌ಗಳೇ ಅವನ್ನು ತೆರೆದು ಮುಚ್ಚುತ್ತವೆ. ಹೊಸ ಗಾಳಿ ಒಂದು ಕಡೆಯಿಂದ ನುಗ್ಗಿ ಹಳೆಯ ಹೊಗೆಯನ್ನು ಇನ್ನೊಂದು ಕಡೆಗೆ ನೂಕಿಕೊಂಡು ಹೋಗುವುದರಿಂದ ಟೂ-ಸ್ಟ್ರೋಕ್ ಎಂಜಿನ್ನಿನ ಹಳೆಯ ರೋಗವಾದ ಗಾಳಿ-ಹೊಗೆ ಬೆರಕೆ ಇಲ್ಲಿ ಕಡಿಮೆ. ಹೆಡ್ ಇಲ್ಲದ್ದರಿಂದ ಅದರ ಮೂಲಕ ಪೋಲಾಗುವ ಶಾಖವೂ ಉಳಿಯುತ್ತದೆ. ಇಂಧನದ ಖರ್ಚು ತಗ್ಗಲು ಮುಖ್ಯ ಕಾರಣಗಳು ಇವೇ.

ಉಳಿತಾಯದ ಬೆಲೆಯನ್ನು ತೆರುವುದು ಹೊಗೆ ಕಿಂಡಿಯ ಬದಿಯ ಪಿಸ್ಟನ್. ಪ್ರತಿ ಸುತ್ತಿನಲ್ಲೂ ಬೆಂಕಿ. ತಣ್ಣನೆಯ ಗಾಳಿಯ ಸೋಂಕು ಮಾತ್ರ ಅದಕ್ಕೆ ಕೊನೆಗೆ ತಲುಪುವಂಥದ್ದು. ಪಿಸ್ಟನ್ ರಿಂಗುಗಳು ಕಿಂಡಿಗಳ ಅಂಚನ್ನು ಉಜ್ಜಿಕೊಂಡೇ ಹಾಯಬೇಕಾದ್ದರಿಂದ ಸವೆತವೂ ಎಣ್ಣೆಯ ಖರ್ಚೂ ಹೆಚ್ಚು. ಮುಂದೆ ಬರುವ ಎದುರು-ಪಿಸ್ಟನ್ ಎಂಜಿನ್‌ಗಳ ದೂರುಗಳಲ್ಲಿ ಬಹುಪಾಲು ಈ ಎರಡರ ಸುತ್ತಲೇ ಇವೆ.

ಇಂಥ ಎಂಜಿನ್ನಿನ ಅಳಿವು ಉಳಿವು ಅದರ ಆಕಾರಕ್ಕಿಂತ ಹೆಚ್ಚಾಗಿ ಅದಕ್ಕೆ ಸಿಗುವ ಕೆಲಸ ಮತ್ತು ದುರಸ್ತಿಯ ಮೇಲೆ ನಿಂತಿದೆ ಎಂಬುದು ನನ್ನ ವಾದ. ಯೂಮೊ 205 ಎಲ್ಲಿ ನಿಂತಿತು, ಎಲ್ಲಿ ಸೋತಿತು ಎಂಬುದು ಅದಕ್ಕೆ ಮೊದಲ ಸಾಕ್ಷಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹಾರುವ ಲುಫ್ಟ್‌ಹಾನ್ಸಾದ ದಕ್ಷಿಣ ಅಟ್ಲಾಂಟಿಕ್ ಅಂಚೆ ವಿಮಾನಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. 1938ರ ಮಾರ್ಚ್‌ನಲ್ಲಿ ಡಾರ್ನಿಯರ್ ಡೊ 18 ಹಾರುದೋಣಿಯೊಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಿಂದ ಹೊರಟು ಸುಮಾರು 43 ಗಂಟೆಗಳಲ್ಲಿ, ಎಲ್ಲೂ ಇಳಿಯದೆ, 8,390 ಕಿಲೋಮೀಟರ್ ಆಚೆಯ ಬ್ರೆಜಿಲ್ ತಲುಪಿತು. ಅದೇ ಎಂಜಿನ್ ಯೂಂಕರ್ಸ್ 86 ಬಾಂಬರಿನಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಹೋದಾಗ ಹೆಸರು ಕೆಡಿಸಿಕೊಂಡಿತು. ಯುದ್ಧದಲ್ಲಿ ಪೈಲಟ್ ಥ್ರಾಟಲ್ಲನ್ನು ಒಮ್ಮೆ ತುದಿಗೆ ನೂಕುತ್ತಾನೆ, ಮರುಕ್ಷಣ ಹಿಂದಕ್ಕೆಳೆಯುತ್ತಾನೆ. ಈ ಎಂಜಿನ್ ಅದನ್ನು ಸಹಿಸಲಿಲ್ಲ. ಮುಂದಿನ ಮಾದರಿಗಳಿಗೆ ಪೆಟ್ರೋಲಿನ ರೇಡಿಯಲ್ ಎಂಜಿನ್ ಬಂತು. ಟರ್ಬೊಚಾರ್ಜರ್ ಕೂಡಿಸಿಕೊಂಡ ಯೂಮೊ 207 ಮಾತ್ರ 12,000 ಮೀಟರಿಗೂ ಮೇಲೆ ಹಾರುವ ಗೂಢಚಾರ ವಿಮಾನದಲ್ಲಿ ಕೆಲಕಾಲ ಶತ್ರುವಿನ ಕೈಗೆ ಸಿಗದೆ ಉಳಿಯಿತು. ಅಲ್ಲಿಯೂ ಕೆಲಸ ಒಂದೇ ಹದದ್ದು.

ಬ್ರಿಟನ್ನಿನ ನೇಪಿಯರ್ ಕಂಪನಿ 1930ರ ದಶಕದಲ್ಲಿ ಯೂಮೊ 204ರ ಪರವಾನಗಿ ಪಡೆದು ಕಲ್ವೆರಿನ್ ಎಂಬ ಹೆಸರಿನಲ್ಲಿ ತಯಾರಿಸಿತ್ತು. ಅದು ಮಾರಾಟವಾಗಲಿಲ್ಲ, ಅನುಭವ ಮಾತ್ರ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಟಾರ್ಪಿಡೊ ದೋಣಿಗಳದ್ದು ಪೆಟ್ರೋಲ್ ಎಂಜಿನ್; ಗುಂಡು ಟ್ಯಾಂಕಿಗೆ ತಗುಲಿದರೆ ದೋಣಿಯೇ ಪಂಜು. ಜರ್ಮನ್ ದೋಣಿಗಳದ್ದು ಡೀಸೆಲ್. ಈ ಅಂತರವನ್ನು ಮುಚ್ಚುವುದಕ್ಕೆ ಅಡ್ಮಿರಾಲ್ಟಿ 1943ರಲ್ಲಿ ಸಮಿತಿ ನೇಮಿಸಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ನೇಪಿಯರ್‌ನ ಒಡೆತನ ಹೊಂದಿದ್ದ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಗೆ ಡೆಲ್ಟಿಕ್ ರೂಪಿಸುವ ಗುತ್ತಿಗೆ ಸಿಕ್ಕಿತು.

ಯೋಜನೆಯ ತಿರುಳು ಸರಳ. ಎದುರು-ಪಿಸ್ಟನ್ ಎಂಜಿನ್ನಿಗೆ ಎರಡು ಕ್ರ್ಯಾಂಕ್‌ಶಾಫ್ಟ್ ಬೇಕು, ಅದು ಭಾರ. ಮೂರು ಸಿಲಿಂಡರುಗಳನ್ನು ತ್ರಿಕೋನವಾಗಿ ಜೋಡಿಸಿದರೆ ಆರರ ಬದಲು ಮೂರೇ ಸಾಕು: ಮೂಲೆಗೊಂದು, ಪ್ರತಿಯೊಂದೂ ಅಕ್ಕಪಕ್ಕದ ಎರಡು ಸಿಲಿಂಡರುಗಳಿಗೆ ಸೇರಿದ್ದು. ಆದರೆ ಇಲ್ಲೊಂದು ತೊಡಕಿದೆ, ಮತ್ತು ಈ ಎಂಜಿನ್ನಿನ ಬಗ್ಗೆ ಬರೆಯುವವರು ಹೆಚ್ಚಾಗಿ ಅದರ ಪರಿಹಾರವನ್ನು ಹೇಳಿ ಕಾರಣವನ್ನು ಬಿಟ್ಟುಬಿಡುತ್ತಾರೆ. ಲೆಕ್ಕ ಚಿಕ್ಕದು, ಇಲ್ಲಿಯೇ ಮಾಡಿ ನೋಡಬಹುದು.

ಸಿಲಿಂಡರಿನ ಹೊಗೆ ಬದಿಯ ಪಿಸ್ಟನ್ ಗಾಳಿ ಬದಿಯದ್ದಕ್ಕಿಂತ ತುಸು ಮುಂದೆ ಓಡಬೇಕು. ಆಗಲೇ ಹೊಗೆ ಕಿಂಡಿ ಮೊದಲು ತೆರೆದು ಒತ್ತಡ ಇಳಿಯುತ್ತದೆ, ಮೊದಲು ಮುಚ್ಚಿ ಹೊಸ ಗಾಳಿ ಒಳಗೇ ಉಳಿಯುತ್ತದೆ. ಈ ಮುನ್ನಡೆ ಕೆಲವೇ ಡಿಗ್ರಿಗಳಿದ್ದರೆ ಚೆನ್ನ. ಅತಿಯಾದರೆ ಎರಡು ಪಿಸ್ಟನ್‌ಗಳು ಹತ್ತಿರ ಬರುವ ಹೊತ್ತೇ ಬೇರೆ ಬೇರೆಯಾಗಿ ಒತ್ತಡ ಏರುವುದಿಲ್ಲ. ಈಗ ತ್ರಿಕೋನವನ್ನು ನೋಡಿ. ಪ್ರತಿ ಮೂಲೆಯ ಕ್ರ್ಯಾಂಕ್‌ಶಾಫ್ಟ್ ಒಂದು ಸಿಲಿಂಡರಿನ ಹೊಗೆ-ಪಿಸ್ಟನ್ನನ್ನೂ ಪಕ್ಕದ ಸಿಲಿಂಡರಿನ ಗಾಳಿ-ಪಿಸ್ಟನ್ನನ್ನೂ ನಡೆಸುತ್ತದೆ. ಎರಡು ಸಿಲಿಂಡರುಗಳ ನಡುವಿನ ಕೋನ 60 ಡಿಗ್ರಿಯಾದ್ದರಿಂದ, ಹೊಗೆ-ಪಿಸ್ಟನ್ ತನ್ನ ತುದಿ ಮುಟ್ಟಿದ ಮೇಲೆ ಗಾಳಿ-ಪಿಸ್ಟನ್ ತನ್ನ ತುದಿ ಮುಟ್ಟಲು ಆ ಕ್ರ್ಯಾಂಕ್‌ಶಾಫ್ಟ್ 60 ಡಿಗ್ರಿ ಸುತ್ತಬೇಕು. ಮೂರೂ ಮೂಲೆಗಳ ಈ ಅಂತರದ ಮೊತ್ತವೇ ಮೂರೂ ಸಿಲಿಂಡರುಗಳ ಮುನ್ನಡೆಯ ಮೊತ್ತ, ಏಕೆಂದರೆ ಎರಡೂ ಕಡೆ ಕೂಡಿಸುತ್ತಿರುವುದು ಅದೇ ಆರು ಪಿಸ್ಟನ್‌ಗಳ ಸಮಯವನ್ನು. ಮೂರು ಕ್ರ್ಯಾಂಕ್‌ಶಾಫ್ಟ್‌ಗಳೂ ಒಂದೇ ದಿಕ್ಕಿಗೆ ಸುತ್ತಿದರೆ ಮೊತ್ತ 180. ಮೂರು ಸಿಲಿಂಡರಿಗೂ ಸಮವಾಗಿ ಹಂಚಿದರೆ ತಲಾ 60. ಎಂಜಿನ್ ಓಡಲಾರದು. ಒಂದನ್ನು ಮಾತ್ರ ಎದುರು ದಿಕ್ಕಿಗೆ ಸುತ್ತಿಸಿದರೆ ಆ ಮೂಲೆಯ 60 ಕಳೆಯುವ ಕಡೆಗೆ ಬರುತ್ತದೆ: 60 ಕೂಡು 60, ಕಳೆ 60. ಉಳಿದ 60ನ್ನು ಹಂಚಿದರೆ ತಲಾ 20. ಡೆಲ್ಟಿಕ್ ಓಡಿದ್ದು ಈ 20 ಡಿಗ್ರಿಯಲ್ಲಿ.

ಒಂದು ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸಿಬಿಡಿ ಎಂದು ಸೂಚಿಸಿದವರು ಅಡ್ಮಿರಾಲ್ಟಿಯ ಎಂಜಿನಿಯರಿಂಗ್ ಪ್ರಯೋಗಾಲಯದ ಡ್ರಾಫ್ಟ್ಸ್‌ಮನ್ ಹರ್ಬರ್ಟ್ ಪೆನ್ವಾರ್ಡನ್. ಪದವಿಯ ಪಟ್ಟಿಯಲ್ಲಿ ಮೇಲಿದ್ದವರಿಗೆ ಹೊಳೆಯದ್ದು ನಕ್ಷೆ ಬರೆಯುವವರಿಗೆ ಹೊಳೆದದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ. ಕೋನಗಳ ಜೊತೆ ದಿನವೂ ಬದುಕುವವರು ಅವರೇ. ಈ ಜೋಡಣೆಯಿಂದ ಮತ್ತೊಂದು ಲಾಭವೂ ಸಿಕ್ಕಿತು. ಯೂಮೊದಲ್ಲಿ ಮುಂದೋಡುವ ಹೊಗೆ-ಪಿಸ್ಟನ್‌ಗಳೆಲ್ಲ ಒಂದೇ ಕ್ರ್ಯಾಂಕ್‌ಶಾಫ್ಟಿನ ಮೇಲಿದ್ದು ಅದರ ಮೇಲೆ ಹೆಚ್ಚಿನ ಹೊರೆ ಬೀಳುತ್ತಿತ್ತು. ಡೆಲ್ಟಿಕ್‌ನ ಮೂರು ಮೂಲೆಗೂ ಎರಡೂ ಬಗೆಯ ಪಿಸ್ಟನ್ ಸಮನಾಗಿ ಹಂಚಿಹೋದ್ದರಿಂದ ಹೊರೆಯೂ ಸಮನಾಯಿತು.

1950ರಲ್ಲಿ ಮೊದಲ ಎಂಜಿನ್ ಸಿದ್ಧವಾಯಿತು. ಜರ್ಮನರಿಂದ ವಶಪಡಿಸಿಕೊಂಡಿದ್ದ ಎಸ್-212 ದೋಣಿಯ ಮರ್ಸಿಡಿಸ್-ಬೆಂಜ್ ಎಂಜಿನ್‌ಗಳಲ್ಲಿ ಎರಡನ್ನು ಇಳಿಸಿ ಆ ಜಾಗಕ್ಕೆ ಡೆಲ್ಟಿಕ್‌ಗಳನ್ನು ಕೂರಿಸಿ ಪರೀಕ್ಷಿಸಿದರು. ಎದುರಾಳಿಯ ದೋಣಿಯಲ್ಲೇ ಎದುರಾಳಿಯ ಎಂಜಿನ್ನನ್ನು ಹಿಂದಿಕ್ಕಿದ್ದು ನೇಪಿಯರ್‌ಗೆ ಒಳ್ಳೆಯ ಜಾಹೀರಾತಾಯಿತು. ಡಾರ್ಕ್ ವರ್ಗದ ಗಸ್ತು ದೋಣಿಗಳಿಗೂ ನಾರ್ವೆಯ ನಾಸ್ಟಿ ಮಾದರಿಯ ದೋಣಿಗಳಿಗೂ ಅದು ಹೋಯಿತು. ಅಮೆರಿಕ ಕೊಂಡ ನಾಸ್ಟಿ ದೋಣಿಗಳು ವಿಯೆಟ್ನಾಂ ಯುದ್ಧದಲ್ಲಿ ಬಳಕೆಯಾದವು. ಕಾಂತಕ್ಕೆ ಸ್ಫೋಟಿಸುವ ಮೈನುಗಳನ್ನು ಹುಡುಕುವ ದೋಣಿಗಳಿಗೆ ಕಬ್ಬಿಣ ಕಡಿಮೆಯಿರುವ ಎಂಜಿನ್ ಬೇಕಿತ್ತು. ಡೆಲ್ಟಿಕ್‌ನ ಮೈ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದಾದ್ದರಿಂದ ಟನ್ ಮತ್ತು ಹಂಟ್ ವರ್ಗದ ಮೈನ್‌ಸ್ವೀಪರುಗಳಲ್ಲಿ ಅದಕ್ಕೆ ಬಹುಕಾಲದ ನೆಲೆ ಸಿಕ್ಕಿತು. 1965ರಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ದಳ ಸೇವೆಗಿಳಿಸಿದ ಸೂಪರ್ ಪಂಪರ್ ವಾಹನಕ್ಕೆ ನೀರೆತ್ತುವ ಬಲ ಕೊಟ್ಟದ್ದೂ ಒಂದು ಡೆಲ್ಟಿಕ್. ನಿಮಿಷಕ್ಕೆ 33 ಸಾವಿರ ಲೀಟರಿಗೂ ಹೆಚ್ಚು ನೀರನ್ನು ಅದು ನೂಕಬಲ್ಲದಾಗಿತ್ತು.

ರೈಲಿನ ಕತೆ ಎಲ್ಲರಿಗೂ ಗೊತ್ತಿರುವಂಥದ್ದು, ಆದರೆ ಅದರ ಒಂದು ಮಗ್ಗುಲನ್ನು ಸಾಕಷ್ಟು ಗಮನಿಸಿಲ್ಲ. 1961-62ರಲ್ಲಿ ಬ್ರಿಟಿಷ್ ರೈಲ್ವೆಗೆ ಬಂದ 22 ಡೆಲ್ಟಿಕ್ ಲೋಕೊಗಳು, ತಲಾ ಎರಡು ಎಂಜಿನ್, 3,300 ಅಶ್ವಶಕ್ತಿ, ಲಂಡನ್-ಎಡಿನ್‌ಬರೋ ಮಾರ್ಗದ 55 ಉಗಿಬಂಡಿಗಳ ಕೆಲಸವನ್ನು ವಹಿಸಿಕೊಂಡವು. ಕೆಲವಕ್ಕೆ ಗೆದ್ದ ರೇಸ್ ಕುದುರೆಗಳ ಹೆಸರು, ಉಳಿದವಕ್ಕೆ ಸೇನಾ ರೆಜಿಮೆಂಟುಗಳದ್ದು. ಹೊತ್ತಿಸಿದೊಡನೆ ಹೊಗೆಕೊಳವೆಯಲ್ಲಿ ಸೇರಿದ ಎಣ್ಣೆ ಉರಿದು ಮೋಡದಂಥ ಹೊಗೆ, ಒಮ್ಮೊಮ್ಮೆ ಜ್ವಾಲೆಯೇ ಏಳುತ್ತಿತ್ತು. ಇಷ್ಟು ಜಟಿಲವಾದ ಎಂಜಿನ್ ಸುಮಾರು ಇಪ್ಪತ್ತು ವರ್ಷ, 1982ರ ಜನವರಿ ಆರಂಭದವರೆಗೆ, ವೇಗದ ರೈಲುಗಳನ್ನು ಎಳೆದದ್ದು ಹೇಗೆ? ಕೆಟ್ಟಾಗ ಶೆಡ್ಡಿನಲ್ಲಿ ಅದನ್ನು ಬಿಚ್ಚುತ್ತಿರಲಿಲ್ಲ. ಇಡೀ ಎಂಜಿನ್ ಇಳಿಸಿ, ಸಿದ್ಧವಿಟ್ಟ ಇನ್ನೊಂದನ್ನು ಏರಿಸಿ, ಇಳಿಸಿದ್ದನ್ನು ಅದನ್ನೇ ಬಲ್ಲ ಕಾರ್ಖಾನೆಗೆ ಕಳಿಸುತ್ತಿದ್ದರು. ನೌಕಾಪಡೆಯ ಕ್ರಮವೂ ಅದೇ, ವಿಮಾನಗಳ ಕ್ರಮವೂ ಅದೇ. ಅಂದರೆ ವಿಮಾನದಿಂದ ಎಂಜಿನ್ನಿನ ಆಕಾರವನ್ನು ಮಾತ್ರ ಎರವಲು ತಂದರೆ ಸಾಲದು, ದುರಸ್ತಿಯ ಪದ್ಧತಿಯನ್ನೂ ತರಬೇಕು.

ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ ಒಂದು ಸಿದ್ಧ ಉದಾಹರಣೆಯಿದೆ. ಫೇರ್‌ಬ್ಯಾಂಕ್ಸ್-ಮೋರ್ಸ್‌ನ ಎದುರು-ಪಿಸ್ಟನ್ ಡೀಸೆಲ್ ಎರಡನೆಯ ಮಹಾಯುದ್ಧದ ಅಮೆರಿಕನ್ ಜಲಾಂತರ್ಗಾಮಿಗಳಲ್ಲಿ ನಂಬಿಕೆಯ ಎಂಜಿನ್. ಅದೇ ಎಂಜಿನ್ ಯುದ್ಧಾನಂತರ ಅಲ್ಲಿನ ರೈಲಿಗೆ ಬಂದಾಗ, 1953ರ 2,400 ಅಶ್ವಶಕ್ತಿಯ ಟ್ರೇನ್ ಮಾಸ್ಟರ್ ಲೋಕೊದಂಥ ಬಲಶಾಲಿ ಮಾದರಿಗಳಿದ್ದೂ, ಬಹುಕಾಲ ನಿಲ್ಲಲಿಲ್ಲ. ಪಿಸ್ಟನ್ ಬದಲಿಸಬೇಕೆಂದರೆ ಮೇಲಿನ ಕ್ರ್ಯಾಂಕ್‌ಶಾಫ್ಟನ್ನೇ ಎತ್ತಿಡಬೇಕು. ಹಡಗಿನ ಎಂಜಿನ್ ರೂಮಿನಲ್ಲಿ ಸದಾ ಜೊತೆಗಿರುವ ನುರಿತ ಸಿಬ್ಬಂದಿ ಊರೂರಿನ ಲೋಕೊ ಶೆಡ್ಡಿನಲ್ಲಿ ಎಲ್ಲಿಂದ ಬರಬೇಕು? ಆದರೂ ‘ಎದುರು-ಪಿಸ್ಟನ್ ರೈಲಿಗೆ ಒಗ್ಗದು’ ಎಂದು ತೀರ್ಮಾನಿಸುವಂತಿಲ್ಲ. ಖಾರ್ಕಿವ್‌ನಲ್ಲಿ ಅದೇ ಮಾದರಿಯನ್ನು ಅನುಸರಿಸಿ ಮಾಡಿದ 2ಡಿ100 ಎಂಜಿನ್, ಟಿಇ3 ಲೋಕೊಗಳಲ್ಲಿ ಸೋವಿಯತ್ ರೈಲ್ವೆಯ ಉದ್ದಗಲಕ್ಕೂ ಓಡಿತು.

ಸೋವಿಯತ್ ದೋಣಿಗಳ ಎಂಜಿನ್ ತೀರಾ ಬೇರೆ ದಾರಿಯದ್ದು. ಯುದ್ಧಾನಂತರ ದೂರಗಾಮಿ ಬಾಂಬರಿಗಾಗಿ ವಿ. ಎಂ. ಯಾಕೊವ್ಲೆವ್ ಅವರ ವಿನ್ಯಾಸ ತಂಡ ಎಂ-501 ಎಂಬ ದೈತ್ಯ ಡೀಸೆಲ್ ರೂಪಿಸಿತು. ಅಷ್ಟರಲ್ಲಿ ಜೆಟ್ ಮತ್ತು ಟರ್ಬೊಪ್ರಾಪ್ ಯುಗ ಬಂದು ಅದಕ್ಕೆ ವಿಮಾನವೇ ಇಲ್ಲವಾಯಿತು. ಆ ವಿನ್ಯಾಸ ನೌಕಾಪಡೆಯ ಕಡೆಗೆ ಹೊರಳಿ, ಲೆನಿನ್‌ಗ್ರಾಡಿನ ಜ್ವೆಜ್ದಾ ಕಾರ್ಖಾನೆಯಲ್ಲಿ ಎಂ-503 ಆಗಿ ನೆಲೆಗೊಂಡಿತು.

ಇದು ಎದುರು-ಪಿಸ್ಟನ್ ಅಲ್ಲ. ಫೋರ್-ಸ್ಟ್ರೋಕ್, ನೀರಿನಿಂದ ತಂಪಾಗುವ ನಕ್ಷತ್ರಾಕಾರದ ಎಂಜಿನ್. ಒಂದು ಕ್ರ್ಯಾಂಕ್ ಸುತ್ತ ಏಳು ಸಿಲಿಂಡರ್. ಅಂಥ ಆರು ನಕ್ಷತ್ರಗಳು ಒಂದರ ಹಿಂದೊಂದು. ಏಳೇ ಏಕೆಂದರೆ ಫೋರ್-ಸ್ಟ್ರೋಕ್ ನಕ್ಷತ್ರದಲ್ಲಿ ಒಂದು ಬಿಟ್ಟು ಒಂದು ಸಿಲಿಂಡರ್ ಉರಿಯುತ್ತ ಹೋಗಬೇಕು: 1, 3, 5, 7, ಆಮೇಲೆ 2, 4, 6. ಬೆಸ ಸಂಖ್ಯೆಯಿದ್ದರಷ್ಟೇ ಈ ಸರಣಿ ತಪ್ಪದೆ ಎರಡು ಸುತ್ತಿನಲ್ಲಿ ಪೂರ್ಣವಾಗುತ್ತದೆ. ಒಳವ್ಯಾಸ 160, ಓಟ 170 ಮಿಲಿಮೀಟರ್. 42 ಸಿಲಿಂಡರಿಗೆ ಒಟ್ಟು 143.6 ಲೀಟರ್, 2,200 ಸುತ್ತಿನಲ್ಲಿ ಸುಮಾರು 4,000 ಅಶ್ವಶಕ್ತಿ, ತೂಕ 5.4 ಟನ್. ಎಂಟು ನಕ್ಷತ್ರ ಇಟ್ಟರೆ ಎಂ-504, ಸುಮಾರು 5,000 ಅಶ್ವಶಕ್ತಿ. ಅಂಥ ಎರಡನ್ನು ಬೆನ್ನಿಗೆ ಬೆನ್ನು ಸೇರಿಸಿ 112 ಸಿಲಿಂಡರಿನ ಎಂ-507 ಕೂಡ ಮಾಡಿದರು. ಹೊಸದಾಗಿ ಯೋಚಿಸುವುದಕ್ಕಿಂತ ಇದ್ದದ್ದನ್ನೇ ಹೆಚ್ಚಿಸುವುದರಲ್ಲಿ ಆ ಕಾಲದ ಸೋವಿಯತ್ ವಿನ್ಯಾಸಕರಿಗೆ ಸಂಕೋಚವಿರಲಿಲ್ಲ.

1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿಯಿಟ್ಟ ನಿಪಟ್, ನಿರ್ಘಟ್ ಮತ್ತು ವೀರ್ ದೋಣಿಗಳ ಬೆನ್ನಿಗಿದ್ದದ್ದು ತಲಾ ಮೂರು ಎಂ-503. ಸೋವಿಯತ್ ಯೋಜನೆಯಲ್ಲಿ ಒಸಾ ದೋಣಿ ತನ್ನ ದಂಡೆಯನ್ನು ಕಾಯುವುದಕ್ಕಿತ್ತು. ದೂರ ಹೋಗಿ ಹೊಡೆಯುವುದು ಭಾರತೀಯ ನೌಕಾಪಡೆಯ ಯೋಚನೆ. ವೇಗಕ್ಕೆ ಕಟ್ಟಿದ ದೋಣಿಯಲ್ಲಿ ಇಂಧನಕ್ಕೆ ಜಾಗ ಕಡಿಮೆಯಾದ್ದರಿಂದ ದಂಡಿನ ಜೊತೆ ಪೋಷಕ್ ಎಂಬ ತೈಲ ಹಡಗು ಹೋಗಬೇಕಾಯಿತು. ಕಿಲ್ತಾನ್ ಮತ್ತು ಕಚ್ಚಲ್ ನೌಕೆಗಳು ರಕ್ಷಣೆಗಿದ್ದವು.

ಡೆಲ್ಟಿಕ್ ಮತ್ತು ಎಂ-503ನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ಡೆಲ್ಟಿಕ್‌ನ ಗಾತ್ರ 88 ಲೀಟರ್. ನೌಕಾ ಬಳಕೆಯಲ್ಲಿ ಅದರ ಹೆಸರಿಗೆ ಬರೆಯುವ 2,500 ಅಶ್ವಶಕ್ತಿ ಅಲ್ಪಾವಧಿಗೆ ಮಾತ್ರ ಸಲ್ಲುವ ಅಂಕಿ. ರೈಲಿನಲ್ಲಿ ಅದೇ ಬಗೆಯ ಎಂಜಿನ್ನಿಗೆ ಕೊಟ್ಟದ್ದು 1,650. ಮೊದಲ ಅಂಕಿಯ ಪ್ರಕಾರ ಲೀಟರಿಗೆ ಸುಮಾರು 28 ಅಶ್ವಶಕ್ತಿ, ಎರಡನೆಯದರ ಪ್ರಕಾರ 19. ಎಂ-503ರದ್ದೂ ಗರಿಷ್ಠ ಅಂಕಿಯಲ್ಲಿ ಲೀಟರಿಗೆ 27-28. ಯಾವ ಅಂಕಿ ಯಾವ ಬಳಕೆಯದ್ದು ಎಂದು ಹೇಳದೆ ಇವನ್ನು ಪಕ್ಕಪಕ್ಕ ಇಡುವ ಕೋಷ್ಟಕಗಳು ದಾರಿ ತಪ್ಪಿಸುತ್ತವೆ. ಒಂದು ಟೂ-ಸ್ಟ್ರೋಕ್ ತ್ರಿಕೋನ, ಇನ್ನೊಂದು ಫೋರ್-ಸ್ಟ್ರೋಕ್ ನಕ್ಷತ್ರ. ಆದರೂ ಗರಿಷ್ಠ ಬಲದಲ್ಲಿ ಲೀಟರಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಆ ಕಾಲದ ಲೋಹ ಮತ್ತು ತೈಲಗಳು ತಾಳುವ ಮಿತಿ ಎರಡೂ ಕಡೆ ಒಂದೇ ಇತ್ತೆಂದು ನಾನು ಇದನ್ನು ಓದುತ್ತೇನೆ.

ಟ್ಯಾಂಕುಗಳಲ್ಲಿ ಇದೇ ಬಳಗ ನಮ್ಮ ಉಪಖಂಡಕ್ಕೂ ಬಂದಿದೆ. ಬಗೆಬಗೆಯ ಇಂಧನದಲ್ಲಿ ಓಡುವ ಟ್ಯಾಂಕ್ ಎಂಜಿನ್ ಬೇಕೆಂದು 1957ರಲ್ಲಿ ನ್ಯಾಟೊ ನಿರ್ಧರಿಸಿದ ಮೇಲೆ ಬ್ರಿಟನ್ ಎದುರು-ಪಿಸ್ಟನ್ನಿನ ಲೇಲ್ಯಾಂಡ್ ಎಲ್60 ಆರಿಸಿತು. ಚೀಫ್ಟನ್ ಟ್ಯಾಂಕಿಗೆ 700 ಅಶ್ವಶಕ್ತಿ ಗುರಿ. ಆರಂಭದಲ್ಲಿ ಸಿಕ್ಕಿದ್ದು 585ರ ಆಸುಪಾಸು. ಸಿಲಿಂಡರ್ ಲೈನರಿನ ಸೀಲುಗಳಿಂದ ನೀರು ಸೋರುವುದು ಅದರ ದೊಡ್ಡ ಕಾಟ. ವರ್ಷಗಟ್ಟಲೆ ತಿದ್ದುಪಡಿ ಮಾಡಿದರೂ ಕೆಟ್ಟ ಹೆಸರು ಹೋಗಲಿಲ್ಲ. ಅದೇ ಎಲ್60 ಬಲವನ್ನು 535ಕ್ಕೆ ತಗ್ಗಿಸಿಕೊಂಡು ಸುಮಾರು 38 ಟನ್ನಿನ ವಿಜಯಂತದಲ್ಲಿ ಕೂತಿತು. ಚೆನ್ನೈ ಬಳಿಯ ಆವಡಿಯಲ್ಲಿ 1960ರ ದಶಕದಿಂದ 1980ರ ದಶಕದವರೆಗೆ ತಯಾರಾದ ಟ್ಯಾಂಕ್ ಅದು.

ಖಾರ್ಕಿವ್‌ನಲ್ಲಿ ಟಿ-64 ಟ್ಯಾಂಕಿಗೆ 5ಟಿಡಿಎಫ್ ರೂಪಿಸಿದ ಅಲೆಕ್ಸೈ ಚರೋಮ್ಸ್ಕಿ ಕೂಡ ವಿಮಾನ ಡೀಸೆಲ್‌ಗಳ ವಿನ್ಯಾಸಕಾರರೇ. ಸ್ಟಾಲಿನ್ ಕಾಲದಲ್ಲಿ ಬಂಧನಕ್ಕೊಳಗಾಗಿ, ಕೈದಿಗಳ ವಿನ್ಯಾಸ ಕಚೇರಿಯಲ್ಲಿ ಎಂಜಿನ್ ಮಾಡಿದವರು. ಮಲಗಿಸಿಟ್ಟ ಐದು ಸಿಲಿಂಡರ್, ಹತ್ತು ಪಿಸ್ಟನ್, 13.6 ಲೀಟರ್, 700 ಅಶ್ವಶಕ್ತಿ. ಎತ್ತರ 60 ಸೆಂಟಿಮೀಟರಿಗೂ ಕಡಿಮೆ. ಇದರಿಂದ ಎಂಜಿನ್ ಕೋಣೆ ಕುಗ್ಗಿ, ಉಳಿದ ತೂಕ ರಕ್ಷಾಕವಚಕ್ಕೆ ಸಿಕ್ಕಿತು. ದುರಸ್ತಿಯವರ ಶಾಪವೂ ಸಿಕ್ಕಿತು. ಸೋವಿಯತ್ ಸೇನೆ ಪಕ್ಕದಲ್ಲೇ ಟಿ-72 ಎಂಬ ಇನ್ನೊಂದು ಟ್ಯಾಂಕನ್ನು ಹಳೆಯ ರೂಢಿಯ ವಿ-12 ಡೀಸೆಲ್‌ನೊಂದಿಗೆ ಬೆಳೆಸಿತು: 38.8 ಲೀಟರಿಗೆ 780 ಅಶ್ವಶಕ್ತಿ. ಲೀಟರಿನ ಲೆಕ್ಕದಲ್ಲಿ 5ಟಿಡಿಎಫ್‌ನ ಅರ್ಧಕ್ಕೂ ಕಡಿಮೆ, ಆದರೆ ಯಾವ ವರ್ಕ್‌ಶಾಪಿನವರಿಗೂ ಪರಿಚಿತ. ರಫ್ತಿಗೆ ಹೋದದ್ದು ಅದೇ. ಎಲ್60 ಕಂಡಿದ್ದ ಆವಡಿಯಲ್ಲೇ ಮುಂದೆ ಅಜೇಯ ಎಂಬ ಹೆಸರಿನಲ್ಲಿ ಟಿ-72 ತಯಾರಾಯಿತು. ಪಾಕಿಸ್ತಾನ ಎದುರು ದಿಕ್ಕಿಗೆ ನಡೆಯಿತು. 1990ರ ದಶಕದ ಕೊನೆಗೆ ಯುಕ್ರೇನ್‌ನಿಂದ ಕೊಂಡ 320 ಟಿ-80ಯುಡಿ ಟ್ಯಾಂಕುಗಳಲ್ಲಿ 5ಟಿಡಿಎಫ್‌ನ ವಂಶದ ಆರು ಸಿಲಿಂಡರಿನ 6ಟಿಡಿ ಇದೆ. ಅಲ್ಲಿನ ಅಲ್-ಖಾಲಿದ್ ಟ್ಯಾಂಕಿನಲ್ಲಿ ಅದರ 1,200 ಅಶ್ವಶಕ್ತಿಯ ರೂಪ.

ಲಾರಿಗಳ ವಿಷಯ ಚಿಕ್ಕದು. 1954ರಲ್ಲಿ ಬ್ರಿಟನ್ನಿನ ರೂಟ್ಸ್ ಸಮೂಹ ಕಾಮರ್ ಲಾರಿಗಳಿಗೆ ತಂದ ಟಿಎಸ್3 ಮೂರು ಸಿಲಿಂಡರಿನ, ಆರು ಪಿಸ್ಟನ್ನಿನ, 3.26 ಲೀಟರಿನ ಎಂಜಿನ್. ಅದು ಎರಡನೆಯ ಕ್ರ್ಯಾಂಕ್‌ಶಾಫ್ಟನ್ನೇ ಕೈಬಿಟ್ಟು, ಎರಡೂ ಬದಿಯ ಪಿಸ್ಟನ್‌ಗಳ ಚಲನೆಯನ್ನು ಉದ್ದನೆಯ ರಾಕರುಗಳ ಮೂಲಕ ಕೆಳಗಿನ ಒಂದೇ ಕ್ರ್ಯಾಂಕ್‌ಶಾಫ್ಟಿಗೆ ಇಳಿಸಿತು. ಚಾಲಕನ ಆಸನದ ಕೆಳಗೆ ಅಡಗುವಷ್ಟು ತಗ್ಗು, ಸಾಮಾನ್ಯ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸುವಷ್ಟು ಸರಳ. ಈ ಬಳಗದಲ್ಲಿ ಸಾಧಾರಣ ಮೆಕ್ಯಾನಿಕ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ನನಗೆ ಕಂಡಂತೆ ಇದೊಂದೇ. ಅದರ ಮುಂದಿನ ಟಿಎಸ್4 ಪ್ರಯೋಗದಲ್ಲಿ ಚೆನ್ನಾಗಿ ಓಡಿತ್ತು. ರೂಟ್ಸ್ ಕ್ರೈಸ್ಲರ್ ವಶವಾದ ಮೇಲೆ ಯೋಜನೆ ನಿಂತಿತು, ಎಂಜಿನ್ನಿನ ದೋಷದಿಂದಲ್ಲ.

2004ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಆರಂಭವಾದ ಅಕೇಟಿಸ್ ಪವರ್ ಕಂಪನಿ ಯೂಂಕರ್ಸ್ ವಿನ್ಯಾಸವನ್ನು ಇಂದಿನ ಗಣಕ ಲೆಕ್ಕ ಮತ್ತು ಇಂಧನ ಸಿಂಪಡಣೆಯೊಂದಿಗೆ ಮತ್ತೆ ಕೈಗೆತ್ತಿಕೊಂಡು 10.6 ಲೀಟರಿನ, ಮೂರು ಸಿಲಿಂಡರ್-ಆರು ಪಿಸ್ಟನ್ನಿನ ಎಂಜಿನ್ನನ್ನು ಕ್ಯಾಲಿಫೋರ್ನಿಯಾದ ಸರಕು ಟ್ರಕ್ಕಿನಲ್ಲಿ ಓಡಿಸಿ ನೋಡಿತು. ಕಮಿನ್ಸ್ ಜೊತೆಗೂಡಿ ಅಮೆರಿಕದ ಸೇನೆಗೆ 1,000 ಅಶ್ವಶಕ್ತಿಯ ಇನ್ನೊಂದನ್ನು ರೂಪಿಸಿತು. ಹೊಗೆ ಬದಿಯ ಪಿಸ್ಟನ್ನಿನ ಶಾಖ ಮತ್ತು ಕಿಂಡಿಗಳ ಅಂಚಿನಲ್ಲಿ ಎಣ್ಣೆಯ ಹತೋಟಿ, ಈ ಎರಡೇ ಅಲ್ಲಿನ ಎಂಜಿನಿಯರರ ಮೇಜಿನ ಮೇಲೂ ಇದ್ದ ಸಮಸ್ಯೆಗಳು.